ಕೋಡಿ ಇಲ್ಲದ ಕೆರೆ

ನಮ್ಮ ಮುಲುಂಡಿನ ಮನೆಗೆ ಬಂದವರು ಮೊದಲು ನೋಡುವುದು ಹಾಲ್‌ನಲ್ಲಿರುವ ಉಪ್ಪುನೀರಿನ ತೊಟ್ಟಿಯನ್ನು. ನಾಲ್ಕಡಿ ಉದ್ದ, ಎರಡಡಿ ಅಗಲ. ಒಳಗೆ ಎರಡು ಕ್ಲೌನ್ ಮೀನು, ಬಂಡೆಯ ಮೇಲೆ ಜೋಆಂಥಸ್, ಮಶ್ರೂಮ್. (ಕಲ್ಲು ಹವಳ ಇಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿದೆ. ಬ್ಯಾಂಕಿನವನಿಗೆ ಅಂಥ ಉಸಾಬರಿ ಬೇಡ.) "ಎಷ್ಟು ಚೆನ್ನಾಗಿದೆ!" ಅನ್ನುತ್ತಾರೆ. ಕೆಳಗಿನ ಕಪಾಟು ತೆಗೆದು ಪೈಪು ನೋಡಿದವರು ಯಾರೂ ಇಲ್ಲ. ನಾನೂ ಸರಿಯಾಗಿ ನೋಡಿರಲಿಲ್ಲ ಅನ್ನಿ, 2020ರ ಅಕ್ಟೋಬರ್ 12ರವರೆಗೆ.

ಅವತ್ತು ಬೆಳಿಗ್ಗೆ ಹತ್ತರ ಸುಮಾರಿಗೆ ಗ್ರಿಡ್ ಕೈಕೊಟ್ಟು ಮುಂಬಯಿ, ಥಾಣೆ, ನವಿ ಮುಂಬಯಿಯಲ್ಲೆಲ್ಲ ಕರೆಂಟು ಹೋಯಿತು. ಲೋಕಲ್‌ಗಳು ನಿಂತಲ್ಲೇ ನಿಂತವು. ಮುಂಬಯಿಯಲ್ಲಿ ಕರೆಂಟು ಹೋಗುವುದಿಲ್ಲ ಎಂಬ ನಂಬಿಕೆಯಲ್ಲೇ ಮೂವತ್ತು ವರ್ಷ ಕಳೆದವನು ನಾನು. ಬ್ರಾಂಚಿನಲ್ಲಿದ್ದೆ. ಹೆಂಡತಿಯ ಫೋನು ಬಂತು: "ರೀ, ನಿಮ್ಮ ಸಮುದ್ರ ಉಕ್ಕಿ ಹರೀತಿದೆ!"

ಇದು ಹೇಗಾಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇಲಿನ ತೊಟ್ಟಿಯಲ್ಲಿ ಹೆಚ್ಚಾದ ನೀರು ಪೈಪಿನಲ್ಲಿ ತಾನಾಗಿ ಕೆಳಗಿಳಿದು ಕಪಾಟಿನೊಳಗಿನ ಸಂಪ್ ಸೇರುತ್ತದೆ. ಅಲ್ಲಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಇಳಿಯುವುದಕ್ಕೆ ಕರೆಂಟು ಬೇಡ, ಏರುವುದಕ್ಕೆ ಬೇಕು. ಪಂಪು ನಿಂತರೆ ನೀರು ಏರಿದ ದಾರಿಯಲ್ಲೇ ಸೈಫನ್ ಆಗಿ ವಾಪಸು ಇಳಿಯತೊಡಗುತ್ತದೆ. ಮೇಲಿನ ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುವ ತನಕ ನಿಲ್ಲುವುದಿಲ್ಲ.

ನನ್ನ ಪೈಪಿನ ಬಾಯಿ ನೀರಿನೊಳಗೆ 10 ಸೆಂಟಿಮೀಟರ್ ಆಳದಲ್ಲಿತ್ತು. "ಚೆಕ್ ವಾಲ್ವ್ ಇದೆ ಸಾರ್, ನೀರು ವಾಪಸು ಬರಲ್ಲ" ಅಂದಿದ್ದ ಅಂಗಡಿಯವನು. ಆಮೇಲೆ ಬಿಚ್ಚಿ ನೋಡಿದರೆ ವಾಲ್ವಿನ ನಾಲಿಗೆಗೆ ಒಂದು ಪುಟ್ಟ ಬಸವನಹುಳು ಸಿಕ್ಕಿಕೊಂಡಿತ್ತು!

ಲೆಕ್ಕ ನಮ್ಮ ಕಸುಬು. ಆದರೆ ಈ ಲೆಕ್ಕವನ್ನು ನಾನು ಮಾಡಿರಲಿಲ್ಲ. 120 ಸೆಂಟಿಮೀಟರ್ ಉದ್ದ, 60 ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ 7.2 ಲೀಟರ್. ಹತ್ತು ಸೆಂಟಿಮೀಟರಿಗೆ 72 ಲೀಟರ್. ಸಂಪಿನಲ್ಲಿ ಖಾಲಿ ಜಾಗ ಇದ್ದದ್ದು 30 ಲೀಟರಿನಷ್ಟು. ಉಳಿದ 42 ಲೀಟರ್ ನೆಲಕ್ಕೆ. ಲೀಟರಿಗೆ 35 ಗ್ರಾಂ ಹಿಡಿದರೆ ಸುಮಾರು ಒಂದೂವರೆ ಕಿಲೋ ಉಪ್ಪು. ಬಂದ ಠೇವಣಿಯನ್ನೆಲ್ಲ ಸಾಲ ಕೊಟ್ಟು ಕೂತ ಬ್ಯಾಂಕಿನ ಬಾಗಿಲಿಗೆ ಠೇವಣಿದಾರರೆಲ್ಲ ಒಂದೇ ದಿನ ಬಂದ ಹಾಗಾಯಿತು.

ನೀರು ನಮ್ಮ ನೆಲದಲ್ಲೇ ನಿಲ್ಲಲಿಲ್ಲ. ಕೆಳಗಿನ ಮನೆಯಲ್ಲಿ ಮರಾಠಿ ಅಜ್ಜಿಯೊಬ್ಬರು ಒಂಟಿಯಾಗಿದ್ದಾರೆ. ಅವರ ಮಂಚದ ಮೇಲೆಯೇ ತೊಟ್ಟಿಕ್ಕಿತು. ಕೋವಿಡ್ ಕಾಲ, ಸಹಾಯಕ್ಕೆ ಯಾರನ್ನೂ ಕರೆಯುವಂತಿಲ್ಲ. ನನ್ನವಳೇ ಮಾಸ್ಕ್ ಹಾಕಿಕೊಂಡು ಇಳಿದು ಹೋಗಿ, ಇಬ್ಬರೂ ಸೇರಿ ಮಂಚ ಎಳೆದರಂತೆ. ನಾನು ತಲುಪಿದಾಗ ಸಂಜೆ. ಬೈಗುಳಕ್ಕೆ ಸಿದ್ಧನಾಗಿ ಹೋದರೆ ಅಜ್ಜಿ ಕೇಳಿದ್ದು ಇಷ್ಟೇ: "ಸಮುದ್ರ ವರ ಆಣಲಾತ ಕಾಯ?" ಸಮುದ್ರವನ್ನು ಮೇಲಕ್ಕೆ ತಂದಿರೇನು ಅಂತ. ಬೈದಿದ್ದರೇ ವಾಸಿಯಿತ್ತು. ಛಾವಣಿಗೆ ಬಣ್ಣ ಹೊಡೆಸಿಕೊಟ್ಟೆ. ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಉಪ್ಪು ಬೆಳ್ಳಗೆ ಅರಳಿತು. ಮತ್ತೆ ಹೊಡೆಸಿದೆ.

ಆಗ ನೆನಪಾದದ್ದು ತಿಪಟೂರಿನ ಕಡೆಯ ನಮ್ಮೂರ ಕೆರೆ. ಕೆರೆಗೆ ತೂಬಿರುತ್ತದೆ, ಕೋಡಿಯೂ ಇರುತ್ತದೆ. ತೂಬು ದಿನದ ಬಳಕೆಗೆ. ಕೋಡಿಯಲ್ಲಿ ನೀರು ಹರಿಯುವುದು ಯಾವುದೋ ವರ್ಷ. ಉಳಿದಂತೆ ಅಲ್ಲಿ ನಾವು ಗೋಲಿ ಆಡುತ್ತಿದ್ದೆವು. ಹಾಗಂತ "ಸುಮ್ಮನೆ ದಂಡ, ಮುಚ್ಚಿಬಿಡಿ" ಅಂತ ಯಾವ ಹಿರಿಯರೂ ಹೇಳಲಿಲ್ಲ. ಬಿ.ಕಾಂ. ಓದಿದ ನಾನು ಕೋಡಿಯೇ ಇಲ್ಲದ ಕೆರೆ ಕಟ್ಟಿದ್ದೆ.

ಎಲ್ಲ ಬಿಚ್ಚಿ ಹೊಸದಾಗಿ ಮಾಡಿಸಿದೆ. ಮೇಲೇರುವ ಪೈಪಿನ ಬಾಯಿ ಈಗ ನೀರಿನ ಮಟ್ಟದಿಂದ ಎರಡೇ ಸೆಂಟಿಮೀಟರ್ ಕೆಳಗೆ. ಗಾಳಿ ಎಳೆಯಲು ಒಂದು ಸಣ್ಣ ತೂತೂ ಇದೆ. ಪಾಚಿ ಕಟ್ಟುತ್ತದೆಂದು ತಿಂಗಳಿಗೊಮ್ಮೆ ಕಡ್ಡಿ ಆಡಿಸುತ್ತೇನೆ, ಆದರೆ ಅದನ್ನೇ ನಂಬಿ ಕೂತಿಲ್ಲ. ಪಂಪು ನಿಂತರೆ ಪೈಪಿನೊಳಗಿನದೂ ಸೇರಿ ಇಳಿಯುವುದು 20 ಲೀಟರಿನಷ್ಟು. ಸಂಪಿನಲ್ಲಿ 45 ಲೀಟರ್ ಜಾಗ ಸದಾ ಖಾಲಿ. ಗಾಜಿನ ಮೇಲೆ ಕೆಂಪು ಗೆರೆ ಎಳೆದಿದ್ದೇನೆ, ಅದರ ಮೇಲೆ ನೀರು ತುಂಬುವಂತಿಲ್ಲ.

ಇಳಿಯುವುದಕ್ಕೆ ಒಂದರ ಬದಲು ಮೂರು ಪೈಪು. ಹವ್ಯಾಸಿಗಳು ಇದಕ್ಕೆ ಬೀನ್‌ಅನಿಮಲ್ ಪದ್ಧತಿ ಅನ್ನುತ್ತಾರೆ. ಮೊದಲನೆಯದು ತುಂಬಿ ಹರಿಯುತ್ತದೆ, ಗೇಟ್ ವಾಲ್ವ್‌ನಿಂದ ಹದ ಮಾಡಬಹುದು. ಎರಡನೆಯದರಲ್ಲಿ ಒಂದು ಎಳೆ ನೀರು. ಮೂರನೆಯದು ಎತ್ತರದಲ್ಲಿ, ಒಣಗಿ. ಮೊದಲನೆಯದು ಕಟ್ಟಿಕೊಂಡರೆ ಉಳಿದವು ಹೊರುತ್ತವೆ. ಇವೆರಡಕ್ಕೂ ವಾಲ್ವ್ ಹಾಕಬಾರದು. ಮೂರೂ ಕಟ್ಟಿಕೊಂಡರೆ? ಅದಕ್ಕೂ ಲೆಕ್ಕ ಇದೆ. ಪಂಪಿರುವ ಕೋಣೆಯಿಂದ ಮೇಲೇರಬಲ್ಲ ನೀರು ಹೆಚ್ಚೆಂದರೆ 20 ಲೀಟರ್, ಅಂದರೆ ಮೇಲೆ ಮೂರು ಸೆಂಟಿಮೀಟರಿಗೂ ಕಡಿಮೆ. ಅಂಚಿನ ತನಕ ನಾಲ್ಕು ಸೆಂಟಿಮೀಟರ್ ಬಿಟ್ಟಿದ್ದೇನೆ. "ಈ ಪೈಪಲ್ಲಿ ನೀರೇ ಬರಲ್ಲವಲ್ಲ, ಯಾಕೆ?" ಅಂದ ಪ್ಲಂಬರ್. ಬರದಿರಲಿ ಅಂತಲೇ, ಅಂದೆ.

ಕೆಲಸ ಮುಗಿದ ಭಾನುವಾರ ಅಜ್ಜಿಯನ್ನು ಮೇಲಕ್ಕೆ ಕರೆದು ಕುರ್ಚಿ ಹಾಕಿ ಕೂರಿಸಿದೆ. ಅವರೆದುರಿಗೇ ಪಂಪಿನ ಪ್ಲಗ್ ಕಿತ್ತೆ. ನೀರು ಗಳಗಳ ಅಂತ ಸಂಪಿಗೆ ಇಳಿಯಿತು. ಬ್ಯಾಂಕಿನ ಇನ್‌ಸ್ಪೆಕ್ಷನ್‌ನಲ್ಲೂ ನನಗೆ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುತ್ತಲೇ ಇದ್ದರು. ಸಂಪಿನ ಅಂಚು ಇನ್ನೂ ನಾಲ್ಕು ಬೆರಳು ಇದೆ ಅನ್ನುವಾಗ ಸದ್ದು ನಿಂತಿತು.

"ಥಾಂಬಲಂ," ಅಂದರು. ನಿಂತಿತು. ಆಮೇಲೆ ಮೀನು ನೋಡಲು ಆ ಕಡೆ ತಿರುಗಿದರು.