ಕಟ್ಟಿಗೆ ಬೇಡದ ಒಲೆ

ಆಗಸ್ಟ್ ತಿಂಗಳಲ್ಲಿ ಮೈಸೂರಿನಿಂದ ಪಡುವಣಕ್ಕೆ ಹೊರಟ ಪಯಣಿಗನಿಗೆ ಹುಣಸೂರು ಸಮೀಪಿಸುತ್ತಲೇ ಹೊಲಗಳ ನಡುವೆ ಎತ್ತರದ ಚಚ್ಚೌಕ ಕಟ್ಟಡಗಳು ಕಾಣತೊಡಗುತ್ತವೆ. ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್‌ಗಳಿವು. ಪಿರಿಯಾಪಟ್ಟಣದ ಕೆಂಪುಮಣ್ಣಿನಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಕಾವೇರಿಯ ಕಾಲುವೆ ಮುಟ್ಟದ ಕೃಷ್ಣರಾಜನಗರದ ಹೊಲಗಳಲ್ಲಿ ಇದೇ ನೋಟ.

ಹಸಿರೆಲೆಗಳನ್ನು ಕೋಲುಗಳಿಗೆ ಕಟ್ಟಿ ಒಳಗೆ ತೂಗುಬಿಟ್ಟು, ಒಲೆಯ ಶಾಖವನ್ನು ಕೊಳವೆಗಳ ಮೂಲಕ ಹಾಯಿಸುತ್ತಾರೆ. ಐದಾರು ದಿನ, ಹಗಲಿರುಳೂ ಈ ಒಲೆ ಆರಕೂಡದು. ಕಾವು ಏರುವುದೂ ಮೆಲ್ಲಮೆಲ್ಲನೆ ಆಗಬೇಕು. ನಡುರಾತ್ರಿಯಲ್ಲಿ ರೈತನ ಕಣ್ಣು ತುಸು ಹೆಚ್ಚು ಹೊತ್ತು ಮುಚ್ಚಿತೆಂದರೆ ಎಲೆಯ ಬಣ್ಣ ಕೆಟ್ಟು, ಹರಾಜಿನಲ್ಲಿ ವರ್ಷದ ದುಡಿಮೆಯ ಬೆಲೆಯೇ ಕುಸಿಯುತ್ತದೆ. ಕಟ್ಟಿಗೆಯೊಡನೆ ಮನುಷ್ಯನ ನಿದ್ರೆಯೂ ಆ ಒಲೆಗೆ ಆಹುತಿ.

ಕಟ್ಟಿಗೆ ಒಟ್ಟುವವರಿಲ್ಲದೆ ಹತ್ತಾರು ವರ್ಷ ಕಾವು ಕೊಡುವ ಒಲೆ ಉಂಟೇ? ಉಂಟು. ಅದನ್ನು ಅರಿಯಲು ವಾಚಕರು ಈ ಹೊಲಗಳಿಂದ ಆಗಸದತ್ತ ಮನಸ್ಸನ್ನು ಹೊರಳಿಸಬೇಕು.

ಬಾಹ್ಯಾಕಾಶ ನೌಕೆಗಳಿಗೆ ಸಾಮಾನ್ಯವಾಗಿ ಸೂರ್ಯನೇ ಅನ್ನದಾತ. ಬೆಂಗಳೂರಿನಲ್ಲಿ ರೂಪುಗೊಂಡ ಮಂಗಳಯಾನವೂ ಬಿಸಿಲನ್ನೇ ಉಂಡು ಬಾಳಿತು. 2014ರಲ್ಲಿ ಮಂಗಳನನ್ನು ಸೇರಿದ ಈ ನೌಕೆಗೆ ಗೊತ್ತುಮಾಡಿದ್ದ ಆಯುಸ್ಸು ಆರು ತಿಂಗಳು. ಅದು ದುಡಿದದ್ದು ಏಳು ವರ್ಷಕ್ಕೂ ಮಿಗಿಲು. 2022ರ ಏಪ್ರಿಲ್‌ನಲ್ಲಿ ದೀರ್ಘ ಗ್ರಹಣದ ನೆರಳಿಗೆ ಸಿಕ್ಕಿದ ಮೇಲೆ ಅದರ ದನಿ ಮತ್ತೆ ಕೇಳಲಿಲ್ಲ.

ಇನ್ನೂ ದೂರ ಹೋದಂತೆ ಬಿಸಿಲೇ ಬಡವಾಗುತ್ತದೆ. ಗುರುಗ್ರಹದ ಬಳಿ ಅದು ನಮ್ಮಲ್ಲಿಯ ಬಿಸಿಲಿನ ಸುಮಾರು 27ರಲ್ಲೊಂದು ಪಾಲು. ನೆಪ್ಚೂನಿನ ಬಳಿ 900ರಲ್ಲೊಂದು. ಅದರಿಂದಲೇ 1977ರಲ್ಲಿ ಅಮೆರಿಕವು ಕಳುಹಿಸಿದ ಎರಡು ವಾಯೇಜರ್ ನೌಕೆಗಳ ಒಡಲಲ್ಲಿ ಪ್ಲುಟೋನಿಯಂ-238 ಎಂಬ ಧಾತುವನ್ನಿರಿಸಿದರು. ಅದರ ಪರಮಾಣುಗಳು ತಾವಾಗಿ ಒಡೆಯುತ್ತ ಶಾಖವನ್ನು ಹೊಮ್ಮಿಸುತ್ತವೆ; ಅವುಗಳಲ್ಲಿ ಅರ್ಧದಷ್ಟು ಮುಗಿಯಲು ಸುಮಾರು 88 ವರ್ಷ ಬೇಕು. ಅರೆವಾಹಕ ಜೋಡಿಯ ಒಂದು ತುದಿಗೆ ಈ ಕಾವು, ಇನ್ನೊಂದು ತುದಿಗೆ ಬಾಹ್ಯಾಕಾಶದ ಚಳಿ. ಇವೆರಡರ ಅಂತರದಿಂದಲೇ ವಿದ್ಯುತ್ತು ಹರಿಯುತ್ತದೆ. ತಿರುಗುವ ಚಕ್ರವಿಲ್ಲ, ಸವೆಯುವ ಕೀಲಿಲ್ಲ.

ನಮ್ಮ ನಾಡೂ ಈ ದಾರಿಯಲ್ಲಿ ಒಂದು ಪುಟ್ಟ ಹೆಜ್ಜೆಯನ್ನಿಟ್ಟಿದೆ. 2023ರ ಚಂದ್ರಯಾನ-3ರ ನೋದನ ಘಟಕದಲ್ಲಿ ತಲಾ ಒಂದು ವಾಟ್‌ನ ಎರಡು ಪರಮಾಣು ಶಾಖಘಟಕಗಳನ್ನು ಪರೀಕ್ಷಾರ್ಥವಾಗಿ ಇರಿಸಿದ್ದರು. ಅವು ಕೊಡುವುದು ಕಾವನ್ನು ಮಾತ್ರ, ವಿದ್ಯುತ್ತನ್ನಲ್ಲ.

ಆದರೆ ವಾಯೇಜರ್‌ನ ಒಲೆಯೂ ಅಕ್ಷಯಪಾತ್ರೆಯಲ್ಲ. ಮೊದಲಿಗೆ ಸುಮಾರು 470 ವಾಟ್ ಇದ್ದ ಅದರ ಶಕ್ತಿ ವರ್ಷಕ್ಕೆ ಸುಮಾರು 4 ವಾಟ್‌ನಂತೆ ಕುಗ್ಗುತ್ತಿದೆ. ಭೂಮಿಯಲ್ಲಿ ಕುಳಿತವರು ಇಂದು ಒಂದು ಉಪಕರಣವನ್ನು, ನಾಳೆ ಇನ್ನೊಂದನ್ನು ಆರಿಸುತ್ತ, ನೌಕೆಯ ಮಾತು ನಿಲ್ಲದಂತೆ ನೋಡಿಕೊಳ್ಳಬೇಕಾಗಿದೆ. ಹುಣಸೂರಿನ ರೈತನು ಎಚ್ಚರವಾಗಿರುವುದು ಕಟ್ಟಿಗೆ ಹಾಕುವುದಕ್ಕೆ. ಇವರು ಎಚ್ಚರವಾಗಿರುವುದು ಖರ್ಚು ಕಡಿಮೆ ಮಾಡುವುದಕ್ಕೆ. ಒಲೆಗೆ ಕಟ್ಟಿಗೆ ಬೇಡವಾಯಿತೆಂಬುದು ನಿಜ. ಕಾವಲು ಮಾತ್ರ ಇನ್ನೂ ಬೇಕಾಗಿದೆ.