ಅವ್ವನ ದನಿ ಯಾವ ಪ್ಲೇಯರ್‌ನಲ್ಲಿ ಕೇಳಬೇಕು?

ಇಂಡಿ ಕಡೆಯ ಬೀಸುಕಲ್ಲಿನ ಹಾಡು, ಸಿಂದಗಿಯ ಮೊಹರಂ ಪದ, ಮುದ್ದೇಬಿಹಾಳದ ಡೊಳ್ಳಿನ ಪದ, ಬಸವನ ಬಾಗೇವಾಡಿಯ ಭಜನಿ. ಸುದ್ದಿಗೆಂದು ಊರೂರು ತಿರುಗುವಾಗ ಜನ ಕೊಟ್ಟ ಹಳೆ ಕ್ಯಾಸೆಟ್ಟುಗಳು ನಮ್ಮಲ್ಲಿ ಒಂದು ಚೀಲ ತುಂಬಿವೆ. ಟೇಪು ಬೂಷ್ಟು ಹಿಡಿದು ಹರಿಯುವ ಮೊದಲು ಒಂದೊಂದೇ ಕಂಪ್ಯೂಟರಿಗೆ ಇಳಿಸುತ್ತಿದ್ದೇವೆ.

ನಮ್ಮ ಜಿಲ್ಲೆಯವರೇ ಆದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಹಾಡಿನ ಅಕ್ಷರ ಉಳಿಯಿತು. ಹಾಡಿದವರ ದನಿಯನ್ನು ಈಗ ಎಲ್ಲಿಂದ ತರೋಣ? ನಮಗೆ ಆ ಅನುಕೂಲ ಇದೆ, ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದೇವೆ.

ಮೊದಲು ಎಲ್ಲವನ್ನೂ ವಿಎಲ್‌ಸಿಯಲ್ಲೇ ಕೇಳುತ್ತಿದ್ದೆವು. ಪುಕ್ಕಟೆ, ಯಾವ ಫೈಲ್ ಕೊಟ್ಟರೂ ನುಡಿಸುತ್ತದೆ. ವಿಡಿಯೊಗೆ ಈಗಲೂ ಅದೇ. ಒಂದು ದಿನ ಇಂಡಿ ತಾಲ್ಲೂಕಿನ ಅಕ್ಕನೊಬ್ಬರು ತೀರಿಹೋದ ತಾಯಿಯ ಹಾಡು ಕೇಳಲು ಬಂದರು. ಎರಡು ಸಾಲು ಕೇಳಿದವರೇ, “ಇದು ನಮ್ಮವ್ವನ ದನಿ ಅಲ್ರೀ ಅಣ್ಣಾರ. ಡಬ್ಬ್ಯಾಗ ಕುಂತು ಹಾಡಿದಂಗ ಆಗೇತಿ” ಅಂದರು.

ಫೈಲ್ ಕೆಟ್ಟಿರಲಿಲ್ಲ, ವಿಎಲ್‌ಸಿಯ ತಪ್ಪೂ ಅಲ್ಲ. ಲ್ಯಾಪ್‌ಟಾಪ್ ಬರುವಾಗಲೇ ಅದರಲ್ಲಿ ‘ಆಡಿಯೊ ಎನ್‌ಹಾನ್ಸ್‌ಮೆಂಟ್’ ಆನ್ ಆಗಿತ್ತು. ಸಿನಿಮಾ ಹಾಡಿಗೆ ಗುಡುಗು ತುಂಬುವ ಆ ಸೌಲಭ್ಯ ಒಂಟಿ ಹೆಣ್ಣುದನಿಗೂ ಗುಡುಗು ತುಂಬುತ್ತಿತ್ತು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎಲ್ಲ ಸದ್ದೂ ಒಂದೇ ಮಿಕ್ಸರ್ ದಾಟಿ ಹೋಗುತ್ತದೆ. ನಿಮ್ಮ ಹಾಡೂ ಅಲ್ಲೇ, ಮೆಸೇಜಿನ ‘ಟಿಂಗ್’ ಕೂಡ ಅಲ್ಲೇ.

ಆಮೇಲೆ ಫೂಬಾರ್2000 ಹಾಕಿಕೊಂಡೆವು. 2002ರಲ್ಲಿ ಬಂದ ಪುಟ್ಟ ಪ್ಲೇಯರ್, ಇದೂ ಪುಕ್ಕಟೆ, ಹಳೆ ಕಂಪ್ಯೂಟರಿನಲ್ಲೂ ತಡವರಿಸುವುದಿಲ್ಲ. ನೋಡಲು ಮಾತ್ರ ಖಾತೆ ಪುಸ್ತಕದ ಹಾಗೆ. ಅದರ ಔಟ್‌ಪುಟ್ ಪಟ್ಟಿಯಲ್ಲಿ ‘ಎಕ್ಸ್‌ಕ್ಲೂಸಿವ್’ ಎಂದಿರುವುದನ್ನು ಆರಿಸಿದರೆ ದನಿ ಆ ಮಿಕ್ಸರನ್ನು ಬಿಟ್ಟು ನೇರ ಸೌಂಡ್ ಕಾರ್ಡಿಗೆ ಹೋಗುತ್ತದೆ. ಹಾಡಿನ ಹೆಸರು, ಊರು, ಹಾಡಿದವರು ಎಲ್ಲವನ್ನೂ ಕನ್ನಡದಲ್ಲೇ ಬರೆದಿಡಬಹುದು. ನಮಗೆ ಇದು ದೊಡ್ಡ ಅನುಕೂಲ. ಬರೀ ‘ಟ್ರ್ಯಾಕ್ 01’ ಎಂದಿದ್ದರೆ ಹತ್ತು ವರ್ಷದ ಮೇಲೆ ಅದು ಯಾರ ಅವ್ವನೋ ಯಾರಿಗೆ ಗೊತ್ತು?

ಆದರೆ ಫೈಲಿನಲ್ಲಿ ಇಲ್ಲದ್ದನ್ನು ಯಾವ ಪ್ಲೇಯರೂ ತಂದುಕೊಡದು. ಎಂಪಿ3 ಮಾಡಿದರೆ ದನಿಯ ಸ್ವಲ್ಪ ಭಾಗ ಹೋದದ್ದು ಹೋದಂತೆಯೇ. ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ, 60 ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ. ಅದನ್ನೇ ಫ್ಲಾಕ್ ಮಾಡಿದರೆ ಜಾಗ ಉಳಿಯುತ್ತದೆ, ದನಿ ಒಂದಿಷ್ಟೂ ಕಳೆಯುವುದಿಲ್ಲ. ನಾವು ಫ್ಲಾಕ್ ಇಟ್ಟುಕೊಂಡು, ಕೇಳಿದವರಿಗೆ ಮೊಬೈಲ್‌ಗೆಂದು ಬೇರೆ ಎಂಪಿ3 ಮಾಡಿ ಕೊಡುತ್ತೇವೆ. ಸ್ಪೀಕರಿನ ಮುಂದೆ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಿ ಕಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಾಟ್ಸ್‌ಆಪ್‌ನಲ್ಲಿ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ.

ಅಕ್ಕ ಮತ್ತೊಮ್ಮೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಈ ಸಲ ದನಿಯ ಬಗ್ಗೆ ಏನೂ ಅನ್ನಲಿಲ್ಲ. ಹಾಡಿನ ನಡುವೆ ಕೆಮ್ಮಿದ್ದು ತಮ್ಮ ಅಪ್ಪ ಅಂದರು. ಆ ಹೆಸರನ್ನೂ ಸೇರಿಸಿ ಬರೆದಿಟ್ಟಿದ್ದೇವೆ.