ಗೂಡಿನಿಂದ ದೂರ ನಿಲ್ಲಿಸುವ ಲೆನ್ಸ್



"ಅಣ್ಣ, ಹಕ್ಕಿಯ ಫೋಟೊಗೆ ಯಾವ ಲೆನ್ಸ್ ತೆಗೆದುಕೊಳ್ಳಲಿ?" ಪೂಜೆ ಮುಗಿದ ಮೇಲೆ ನಮ್ಮ ಯುವಕ ಯುವತಿಯರು ನನ್ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಲಕ್ಷ ರೂಪಾಯಿ ದಾಟುವ ಲೆನ್ಸ್‌ಗಳನ್ನು ನಾನು ಬಳಸಿಲ್ಲ. ನನ್ನಲ್ಲಿರುವುದು ಕ್ಯಾನನ್ ಕಂಪೆನಿಯ 55-250 ಎಂ.ಎಂ. ಎಸ್‌ಟಿಎಂ ಲೆನ್ಸ್. ಬಿಎಸ್ಸಿ ಮುಗಿಸಿ ಟ್ಯೂಷನ್ ಹೇಳಿಕೊಟ್ಟ ಹಣದಲ್ಲಿ, ಬೇರೆಯವರು ಬಳಸಿದ್ದನ್ನು ಹತ್ತು ಸಾವಿರದೊಳಗೆ ಕೊಂಡದ್ದು. ತೂಕ 375 ಗ್ರಾಂ ಮಾತ್ರ. ಶಿರಿಯ ಅಳಿವೆಯ ಬದಿಯಲ್ಲಿ ಒಂದು ಗಂಟೆ ಹಿಡಿದು ನಿಂತರೂ ಕೈ ನೋಯುವುದಿಲ್ಲ.

ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಸಣ್ಣ ಲೆಕ್ಕದಲ್ಲಿ ಹೇಳುತ್ತೇನೆ. ನನ್ನ ಕ್ಯಾಮರಾದ ಸೆನ್ಸರ್ ಸುಮಾರು 22 ಎಂ.ಎಂ. ಅಗಲ. ಪೂರ್ತಿ ಝೂಮ್ ಮಾಡಿದರೆ 50 ಮೀಟರ್ ದೂರದಲ್ಲಿ ಸುಮಾರು ನಾಲ್ಕೂವರೆ ಮೀಟರ್ ಅಗಲದ ಜಾಗ ಚಿತ್ರದಲ್ಲಿ ಕಾಣುತ್ತದೆ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿನಷ್ಟಿರುವ ಕಡಲ ಹದ್ದು ಅದರ ಅರ್ಧದಷ್ಟು ತುಂಬುತ್ತದೆ. ಅದೇ ದೂರದಲ್ಲಿ ಗೇಣುದ್ದವೂ ಇಲ್ಲದ ಸಣ್ಣ ಮಿಂಚುಳ್ಳಿ ಬರೇ ನೀಲಿ ಚುಕ್ಕೆ. ಹಾಗಾಗಿ ಸಣ್ಣ ಹಕ್ಕಿ ಸಿಕ್ಕಿದರೆ ನಾನು ಅದು ಕುಳಿತ ಕಂಬ, ನೀರು, ಕಟ್ಟಿದ ದೋಣಿ ಎಲ್ಲವನ್ನೂ ಸೇರಿಸಿ ತೆಗೆಯುತ್ತೇನೆ. ಹಕ್ಕಿ ಸಣ್ಣದಾದರೂ ಅದರ ಊರು ಕಾಣುತ್ತದೆ.

ಎರಡನೆಯದು ಬೆಳಕು. ಪೂರ್ತಿ ಝೂಮ್‌ನಲ್ಲಿ ಈ ಲೆನ್ಸ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ 2.8ರ ದುಬಾರಿ ಲೆನ್ಸ್ ಒಳಗೆ ಬಿಡುವ ಬೆಳಕಿನ ನಾಲ್ಕನೆಯ ಒಂದು ಪಾಲು ಮಾತ್ರ ಇದಕ್ಕೆ ಸಿಗುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ಇದು ಸೋಲುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರ ಮೇಲೆ, ಬಿಸಿಲು ನಮ್ಮ ಬೆನ್ನಿಗಿರುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಕುಳಿತ ಹಕ್ಕಿಗೆ ಶಟರ್ 1/500 ಸೆಕೆಂಡ್, ಹಾರುವುದಕ್ಕೆ 1/1600 ಇಡಿ. ಅದಕ್ಕೆ ತಕ್ಕಂತೆ ಐಎಸ್‌ಒ ಏರಿಸಿ. ಲೆನ್ಸ್‌ನೊಳಗಿನ ಸ್ಟೆಬಿಲೈಸರ್ ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿಯ ಚಲನೆಯನ್ನು ಅಲ್ಲ. ಮಧ್ಯಾಹ್ನ ಮುರಕಲ್ಲಿನ ಪಾರೆಯಿಂದ ಏಳುವ ಬಿಸಿ ಗಾಳಿಯಲ್ಲಿ ಯಾವ ಲೆನ್ಸ್ ಆದರೂ ಚಿತ್ರ ಅಲುಗಿದಂತೆ ಕಾಣುತ್ತದೆ. ಆ ಹೊತ್ತಿಗೆ ಮನೆಗೆ ಹೋಗಿ ಊಟ ಮಾಡಿ.

ಮಳೆಗಾಲದಲ್ಲಿ ಲೆನ್ಸ್‌ಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿಯ ಡಬ್ಬಕ್ಕೆ ಹಾಕಬೇಡಿ, ಹುಡಿ ಒಳಗೆ ಸೇರುತ್ತದೆ.

ಇನ್ನು ನನ್ನ ಮುಖ್ಯ ಮಾತು. ನಮ್ಮ ಕಾಸರಗೋಡು ಜಿಲ್ಲೆಗೆ 2023ರಿಂದ ತನ್ನದೇ ಹಕ್ಕಿ ಇದೆ: ಬಿಳಿ ಹೊಟ್ಟೆಯ ಕಡಲ ಹದ್ದು. ಬೆನ್ನು ಬೂದು, ತಲೆ ಮತ್ತು ಹೊಟ್ಟೆ ಅಚ್ಚ ಬಿಳಿ. ಕಡಲ ಬದಿಯ ಎತ್ತರದ ಮರದಲ್ಲಿ ಗೂಡು ಕಟ್ಟಿ, ವರ್ಷ ವರ್ಷವೂ ಅದೇ ಗೂಡಿಗೆ ಹೊಸ ಕಡ್ಡಿ ಸೇರಿಸುತ್ತದೆ. ಮೊಟ್ಟೆ, ಮರಿ ಇರುವಾಗ ಜನ ಹತ್ತಿರ ಬಂದರೆ ಗೂಡು ಬಿಟ್ಟು ಹೋಗಲೂಬಹುದು.

ಕಳೆದ ವರ್ಷ ಅಂಥ ಒಂದು ಗೂಡನ್ನು ನೋಡಲು ನಾವು ಐವರು ಹೋದೆವು. ಒಬ್ಬರ ಹಿತ್ತಿಲಿನ ಮಾವಿನ ಮರ. ಹದ್ದು ಕದಲದೆ ಕುಳಿತಿತ್ತು. "ಚಪ್ಪಾಳೆ ತಟ್ಟುವಾ, ಹಾರಿದರೆ ಒಳ್ಳೆ ಫೋಟೊ ಸಿಗುತ್ತದೆ" ಎಂದ ಒಬ್ಬ. ಬೇಡ ಎಂದೆ. ಬೇಲಿಯಾಚೆ, ಅರುವತ್ತು ಹೆಜ್ಜೆ ದೂರದಲ್ಲಿ ಕುಳಿತೆವು. ಒಂದೂವರೆ ಗಂಟೆ ಕಳೆದ ಮೇಲೆ ಇನ್ನೊಂದು ಹದ್ದು ಕಾಲಿನಲ್ಲಿ ಮೀನು ಹಿಡಿದು ಬಂತು. ಚಪ್ಪಾಳೆ ತಟ್ಟಿದ್ದರೆ ನಮಗೆ ಸಿಗುತ್ತಿದ್ದದ್ದು ಹೆದರಿದ ಹಕ್ಕಿಯ ಬೆನ್ನು.

ಆ ಮನೆಯ ಅಜ್ಜಿಗೆ ಫೋಟೊ ಪ್ರಿಂಟ್ ಮಾಡಿಸಿ ಕೊಟ್ಟೆವು. ಅವರು ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ಕೆಳಗೆ ಬಿದ್ದ ಮೀನಿನ ಮುಳ್ಳು ಗುಡಿಸಿದ್ದೇ ಬಂತು ಮಗ, ಮುಖ ನೋಡಿರಲಿಲ್ಲ" ಎಂದರು. ಮರಕ್ಕೆ ಆಗಲೇ ವ್ಯಾಪಾರಿ ಬಂದು ಬೆಲೆ ಹೇಳಿ ಹೋಗಿದ್ದ. ಮನೆಯ ಮಾಡು ರಿಪೇರಿಗೆ ಅವರಿಗೆ ಹಣ ಬೇಕಿತ್ತು. ಮರ ಕಡಿಯಬೇಡಿ ಎಂದು ನಾವು ಬರೇ ಬಾಯಲ್ಲಿ ಹೇಳುವುದು ಸರಿಯೆನಿಸಲಿಲ್ಲ. ಮೂರು ಶನಿವಾರ ನಮ್ಮ ಹುಡುಗರು ಹೋಗಿ ಹಂಚು ಬದಲಿಸಿ ಕೊಟ್ಟರು. ಈ ವರ್ಷ ಮರ ನಿಂತಿದೆ. ಪಕ್ಕಾಸುಗಳು ಹಳತಾಗಿವೆ, ಮುಂದಿನ ವರ್ಷಕ್ಕೆ ಇನ್ನೂ ಖರ್ಚಿದೆ.

ಆದ್ದರಿಂದ ಲೆನ್ಸ್ ಕೊಳ್ಳುವವರಲ್ಲಿ ಎರಡು ವಿನಂತಿ. ಗೂಡಿನ ಜಾಗವನ್ನು ಸ್ಟೇಟಸ್‌ನಲ್ಲಿ ಹಾಕಬೇಡಿ. ಹಿತ್ತಿಲಿಗೆ ಕಾಲಿಡುವ ಮೊದಲು ಮನೆಯವರನ್ನು ಕೇಳಿ. ಕೊಳ್ಳುವ ಮುಂಚೆ ನನ್ನದನ್ನು ಒಂದು ವಾರ ಕೊಂಡುಹೋಗಿ ನೋಡಬಹುದು. ಡಬ್ಬದ ಸಮೇತ ವಾಪಸು ಕೊಟ್ಟರಾಯಿತು.